ಕೆಂಚನ ಹಣೆಯ ವಿಭೂತಿ

ನಮ್ಮ ಮನೆಯ ಗೋಡೆ ಗಡಿಯಾರ ನಿಂತುಹೋದರೂ ಬೆಳಗಿನ ಕೆಲಸ ನಿಲ್ಲುತ್ತಿರಲಿಲ್ಲ. ಅಪ್ಪ ಕೆಮ್ಮಿದರೆ ಹಾಲಿನವನು ಬರುವ ಹೊತ್ತು, ಅಪ್ಪ ಬೂಟಿಗೆ ಬ್ರಷ್ ಹಾಕಿದರೆ ನನ್ನ ಜಡೆ ಮುಗಿದಿರಬೇಕಾದ ಹೊತ್ತು. ಬಳ್ಳಾರಿಯ ಕಂಟೋನ್ಮೆಂಟಿನ ಸಾಲುಮನೆಯಲ್ಲಿ ನಾವಿದ್ದ ಆ ವರ್ಷಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದರ ಹಿಂದೆ ಒಂದು ಕೈಕಟ್ಟಿ ಸಾಗಿದವು. ಹಾಗೆ ಬೆಳೆದದ್ದರಿಂದ ಈಗಲೂ ನನ್ನ ಚಪ್ಪಲಿಗಳು ಬಾಗಿಲ ಎಡಕ್ಕೆ, ಮೂತಿ ಹೊರಗೆ ಮಾಡಿಕೊಂಡೇ ಇರುತ್ತವೆ.

ಅಪ್ಪ ಕಚೇರಿಯಲ್ಲಿ ಗುಮಾಸ್ತರು, ಅವ್ವ ಶಾಲೆಯಲ್ಲಿ ಟೀಚರು. ನಾನು, ತಮ್ಮ ಬಸು ಶಾಲೆಗೆ ಹೋಗುವವರು. ಬೆಳಗ್ಗೆ ಮನೆ ಖಾಲಿಯಾಗುತ್ತಿತ್ತು, ಅದಕ್ಕೂ ಒಂದು ಕ್ರಮವಿತ್ತು. ಸ್ನಾನ, ತಿಂಡಿ, ದೇವರ ಮುಂದೆ ನಿಂತು ಹಣೆಗೆ ವಿಭೂತಿ, ಆಮೇಲೆ ಬೂಟು, ಛತ್ರಿ, ಬೀಗ. ಬರಿ ಹಣೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ವಿಭೂತಿ ಇಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವಂತೆಯೂ ಇಲ್ಲ. ಬೀಗ ಹಾಕಿದ ಮೇಲೆ ಅಪ್ಪ ಅದನ್ನು ಜಗ್ಗಿ ನೋಡಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಿದ್ದರು.

ಇಂಥ ಮನೆಗೆ ಒಂದು ಬೇಸಿಗೆಯ ಆರಂಭದಲ್ಲಿ, ಬೇವಿನ ಹೂವಿನ ವಾಸನೆ ಓಣಿಯನ್ನೆಲ್ಲ ತುಂಬಿದ್ದಾಗ, ಸಿರುಗುಪ್ಪದಿಂದ ವೀರೇಶ ಮಾಮ ಬಂದ. ಅವ್ವನ ತಮ್ಮ. ಅಕ್ಕಿ ಚೀಲ ಹೊತ್ತು ಬರುವುದು ಅವನ ವಾಡಿಕೆ. ಆ ಸಲ ಚೀಲದ ಮೇಲೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಕೆಂಚು ಬಣ್ಣದ ನಾಯಿಮರಿ. ಕೆಂಚನಗುಡ್ಡದ ಹೊಳೆ ದಂಡೆಯಲ್ಲಿ ಸಿಕ್ಕಿತಂತೆ.

"ಅಕ್ಕಾ, ಈ ಅಕ್ಕೀನ ಒಂದೀಟು ಚೊಲೊತ್ನಾಗಿ ತೊಳದು ಮಾಡು," ಅಂದ ಮಾಮ.

"ಅಕ್ಕೀನ ಯಾವಾಗ್ಲೂ ತೊಳದ ಮಾಡತಾರ. ಯಾಕ?"

"ಬಸ್ಸಿನ್ಯಾಗ ಇದಕ್ಕ ತಡ್ಕಳ್ಳಾಕ ಆಗ್ಲಿಲ್ಲ."

ಅವ್ವ ಚೀಲದ ಆ ಮೂಲೆಯನ್ನು ಬಿಸಿಲಿಗೆ ತಿರುಗಿಸಿ ಇಟ್ಟಳು. ಅಪ್ಪ ಮರಿಯನ್ನು ಕಚೇರಿಗೆ ಹೊಸದಾಗಿ ಸೇರಿದವನನ್ನು ನೋಡುವಂತೆ ನೋಡಿ, ಮಲಗಲು ಒಂದು ಗೋಣಿತಟ್ಟು, ಕುಡಿಯಲು ಒಂದು ಬೋಗುಣಿ ಮಂಜೂರು ಮಾಡಿದರು. ಬಸು ಅದಕ್ಕೆ ಕೆಂಚ ಎಂದು ಹೆಸರಿಟ್ಟ.

ಮನೆಯಲ್ಲಿ ಯಾರಾದರೊಬ್ಬರು ಇದ್ದರೆ ಕೆಂಚನಷ್ಟು ಸಾಧು ಬೇರೆ ಇಲ್ಲ. ಗೋಲಿ ಆಡುವಾಗ ನಮ್ಮ ಗೋಲಿ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದುದೊಂದೇ ಅದರ ತಪ್ಪು. ಆದರೆ ಮನೆ ಮೊದಲ ಸಲ ಖಾಲಿಯಾದ ಸೋಮವಾರ, ಸಂಜೆ ನಾವು ಶಾಲೆಯಿಂದ ಬಂದಾಗ ಪಕ್ಕದ ಮನೆಯ ಖಾಜಾ ಕಾಕಾ ನಮ್ಮ ಕಟ್ಟೆಯ ಮೇಲೆ ಲುಂಗಿಯಲ್ಲೇ ಕುಳಿತಿದ್ದರು. ಕಣ್ಣು ಕೆಂಪಗಾಗಿದ್ದವು. ಹತ್ತಿ ಮಿಲ್ಲಿನಲ್ಲಿ ಅವರದು ರಾತ್ರಿ ಕಾವಲು; ಹಗಲು ಹೊತ್ತೇ ಅವರಿಗೆ ನಿದ್ದೆ.

ಅಪ್ಪ ಬಂದ ಕೂಡಲೇ ಕಾಕಾ ಎದ್ದು ನಿಂತರು. "ಸಾಹೇಬ್ರೆ, ನಿಮ್ಮ ನಾಯಿ ಅಳೂದಿಲ್ಲ, ಸಂಗೀತ ಹಾಡತೈತಿ. ಮೊದ್ಲು ಸಣ್ಣಗ ಸುರು ಮಾಡತೈತಿ. ಇನ್ನೇನು ನಿದ್ದಿ ಹತ್ತಿತು ಅನ್ನೂದ್ರಾಗ ಮ್ಯಾಲಕ್ಕ ಏರಿಸತೈತಿ."

"ಇವತ್ತು ಹೊಸಾದು ಕಾಕಾ, ನಾಳಿಗೆ ರೂಢಿ ಆಗತೈತಿ," ಅಂದರು ಅಪ್ಪ.

ಆಗಲಿಲ್ಲ. ವಾರದ ಕೊನೆಗೆ ಕಾಕಾ ಮತ್ತೆ ಬಂದರು. ಈ ಸಲ ತಮಾಷೆ ಇರಲಿಲ್ಲ. "ನಿನ್ನಿ ಮಿಲ್ಲಿನ್ಯಾಗ ನಿಂತಲ್ಲೇ ನಿದ್ದಿ ಹೋಗಿದ್ದೆ. ಮಾಲಕ್ರು ನೋಡಿದ್ರ ನನ್ನ ನೌಕರಿ ಹೋತು. ಮಕ್ಕಳು ಬ್ಯಾಸರ ಮಾಡ್ಕಂತಾವು ಅಂತ ಇಷ್ಟು ದಿನ ತಡದೀನಿ."

ಅವರು ಹೋದ ಮೇಲೆ, ಊಟಕ್ಕೆ ಕೂತಾಗ, ಅಪ್ಪ ತೀರ್ಪು ಹೇಳಿದರು: "ಮುಂದಿನ ಸಲ ವೀರೇಶ ಬಂದಾಗ ಅಕ್ಕಿ ಇಳೀತೈತಿ, ನಾಯಿ ಏರತೈತಿ."

ಬಸು ತಟ್ಟೆ ದೂಡಿ ಎದ್ದುಹೋದ. ನಮ್ಮ ಮನೆಯಲ್ಲಿ ಊಟದ ನಡುವೆ ಏಳುವುದೆಂದರೆ ದಂಗೆ. ಅಪ್ಪ ಅವನ ತಟ್ಟೆಯನ್ನು ಮತ್ತೆ ಸಾಲಿಗೆ ಸರಿಸಿ ಊಟ ಮುಂದುವರಿಸಿದರು.

ಮರುದಿನ, ಕೆಂಚನಿಗೆ ಜೊತೆಗೊಬ್ಬರಿರಲಿ ಎಂದು ಬಸು ಗೋಡೆಯ ಕನ್ನಡಿಯನ್ನು ಇಳಿಸಿ ಅದರ ಮುಂದೆ ಇಟ್ಟು ಬಂದ. ಸಂಜೆ ಕಾಕಾ ಕೇಳಿದರು, "ಇವತ್ತು ಇಬ್ಬರು ಹಾಡಾಕತ್ತಿದ್ರೇನು?"

ಗುಟ್ಟು ತಿಳಿದದ್ದು ಭಾನುವಾರ. ಅಪ್ಪ ಯಾರದೋ ಮದುವೆಗೆಂದು ಸ್ನಾನ ಮಾಡಿ ದೇವರ ಮುಂದೆ ನಿಂತರು. ಮೂರು ಬೆರಳು ಹಣೆಗೆ ತಾಗಿದವೋ ಇಲ್ಲವೋ, ಕೆಂಚ ಮಂಚದ ಕೆಳಗೆ ಸೇರಿ ಸಣ್ಣಗೆ ಸುರು ಮಾಡಿತು. ಬೂಟು ಇನ್ನೂ ಮೂಲೆಯಲ್ಲಿತ್ತು, ಬೀಗ ಮೊಳೆಯಲ್ಲೇ ನೇತಾಡುತ್ತಿತ್ತು.

ಅವ್ವ ಒಗ್ಗರಣೆಯ ಸೌಟು ಹಿಡಿದುಕೊಂಡೇ ಹೊರಬಂದಳು. "ನೋಡ್ರಿ ಇಲ್ಲಿ. ಅದು ಕೀಲಿ ನೋಡಿ ಅಳವಲ್ದು. ನಿಮ್ಮ ಹಣಿ ನೋಡಿ ಅಳಾಕತ್ತೈತಿ."

ಬೇರೆ ಮನೆಯಾಗಿದ್ದರೆ ಯಾವ ಮರಿಗೂ ಇದು ತಿಳಿಯುತ್ತಿರಲಿಲ್ಲ. ಒಬ್ಬರು ವಿಭೂತಿ ಇಟ್ಟು ತಿಂಡಿಗೆ ಕೂತಾರು, ಇನ್ನೊಬ್ಬರು ಬೂಟು ಹಾಕಿ ಬಚ್ಚಲಿಗೆ ಹೋದಾರು. ನಮ್ಮಲ್ಲಿ ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ನಾಯಿಮರಿಗೆ ನಾವೇ ಪಾಠ ಬಾಯಿಪಾಠ ಮಾಡಿಸಿದ್ದೆವು.

ಅವ್ವ ಟೀಚರು. ಪಾಠ ಮರೆಸುವುದೂ ಅವಳಿಗೆ ಗೊತ್ತಿತ್ತು. ವಿಭೂತಿ ಇಟ್ಟುಕೊಳ್ಳುವುದು, ಆದರೆ ಹೋಗದೆ ಇರುವುದು. ಬೂಟು ಹಾಕಿ ಮನೆಯಲ್ಲೇ ಕೂರುವುದು. ಹೋದರೂ ಅದು ಅಳುವುದರೊಳಗೆ ತಿರುಗಿ ಬರುವುದು.

"ದೇವರ ಮುಂದ ನಿಂತು ಸುಳ್ಳುಸುಳ್ಳೇ ಹೊಂಡೂದು ನನ್ನ ಕೈಲೆ ಆಗೂದಿಲ್ಲ," ಅಂದರು ಅಪ್ಪ.

"ಖರೇನ ಹೊಂಡ್ರಿ. ಬೇವಿನ ಗಿಡದ ತನಕ ಹೋಗಿ ವಾಪಸ್ ಬರ್ರಿ. ದೇವರು ಎಲ್ಲಿಗೆ ಅಂತ ಕೇಳೂದಿಲ್ಲ."

ಮರುದಿನದಿಂದ ಬೇಸಿಗೆ ರಜೆ, ಹಗಲು ಅವ್ವ ಮತ್ತು ನಾವಿಬ್ಬರು ಮನೆಯಲ್ಲೇ. ಅಂದಿನಿಂದ ಸಂಜೆಯ ಹೊತ್ತು ನಮ್ಮ ಓಣಿಗೆ ಖರ್ಚಿಲ್ಲದ ನಾಟಕ. ಅಪ್ಪ ವಿಭೂತಿ ಧರಿಸಿ, ಬೂಟು ತೊಟ್ಟು, ಛತ್ರಿ ಹಿಡಿದು, ಹೆಂಡತಿ ಮಕ್ಕಳೊಂದಿಗೆ ಹೊರಗೆ ಬಂದು ಬೀಗ ಹಾಕಿ ಜಗ್ಗುವರು. ನಾಲ್ವರೂ ಬೇವಿನ ಗಿಡದ ತನಕ ನಡೆದು, ಅದಕ್ಕೆ ನಮಸ್ಕಾರ ಮಾಡಲು ಹೋದವರಂತೆ ಒಂದು ಕ್ಷಣ ನಿಂತು, ವಾಪಸ್ ಬರುವೆವು. ಬೀಗ ತೆಗೆಯುವೆವು. ಮತ್ತೆ ಹಾಕುವೆವು.

"ಏನಾರ ಮರ್ತು ಬಂದ್ರೇನ್ರಿ?" ಎಂದು ಎದುರು ಮನೆಯವರು ಕೇಳಿದರೆ ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ರಿ, ನಾಯಿಗೆ ಅಭ್ಯಾಸ ಮಾಡಿಸಾಕತ್ತೀವಿ," ಅನ್ನುತ್ತಿದ್ದರು. ಅವರು ಒಳಗೆ ಹೋಗಿ ಉಳಿದವರನ್ನೂ ಕರೆದುಕೊಂಡು ಬರುತ್ತಿದ್ದರು.

ಇದಕ್ಕಿಂತ ಕಷ್ಟದ್ದು ಬೂಟು ಹಾಕಿ ಮನೆಯೊಳಗೆ ಕೂರುವುದು. ಅಪ್ಪ ಬೂಟುಗಾಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುವಾಗ ಅವರ ಮುಖ ಪೊಲೀಸರು ಹಿಡಿದು ಕೂರಿಸಿದವರ ಮುಖದಂತಿರುತ್ತಿತ್ತು. ಮಿರ್ಚಿ ಕೊಟ್ಟರೂ ಬೇಡವೆನ್ನುತ್ತಿದ್ದರು.

ಅವ್ವ ಇನ್ನೊಂದು ಸೇರಿಸಿದಳು. ವಿಭೂತಿ ಇಟ್ಟ ಕೂಡಲೇ ಕೆಂಚನಿಗೆ ಒಂದು ತುಂಡು ಕಟಕ ಜೋಳದ ರೊಟ್ಟಿ. ಒಣಗಿ ಗಟ್ಟಿಯಾದ ಆ ರೊಟ್ಟಿಯನ್ನು ಅದರ ಹಾಲುಹಲ್ಲುಗಳು ಕಡಿದು ಮುಗಿಸಲು ಬಹಳ ಹೊತ್ತು ಬೇಕಿತ್ತು. ನಾಲ್ಕು ಹಣೆಗೆ ವಿಭೂತಿ, ಒಂದು ಬಾಯಿಗೆ ರೊಟ್ಟಿ. ಒಂದು ಸಂಜೆ ಬಸು ತನ್ನ ಬೆರಳಲ್ಲಿ ಉಳಿದದ್ದನ್ನು ಕೆಂಚನ ಹಣೆಗೂ ಎಳೆದುಬಿಟ್ಟ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಒಂದ ಗೆರಿ ಎಳದೀಯಲ್ಲಲೇ. ಮೂರು ಎಳಿ. ಮಾಡಿದ್ರ ಸರಿಯಾಗಿ ಮಾಡಬೇಕು."

ಆಮೇಲೆ ಕೆಂಚನಿಗೂ ಸರದಿ ಸಿಕ್ಕಿತು. ಅಪ್ಪ, ಅವ್ವ, ನಾನು, ಬಸು, ಕೆಂಚ. ತನ್ನ ಸರದಿಗೆ ಅದು ಕೂತು, ಕಣ್ಣು ಮುಚ್ಚಿ, ಹಣೆ ಎತ್ತಿಕೊಡುತ್ತಿತ್ತು. ಖಾಜಾ ಕಾಕಾ ಅದನ್ನು ಕಿಟಕಿಯಿಂದ ನೋಡಿ, "ಇದಕ್ಕೂ ಡ್ಯೂಟಿ ಹಾಕೀರೇನು ಸಾಹೇಬ್ರೆ?" ಎಂದು ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು.

ಬೇವಿನ ಗಿಡದಿಂದ ಮೂಲೆ ಅಂಗಡಿ, ಅಂಗಡಿಯಿಂದ ದೊಡ್ಡ ರಸ್ತೆ, ಹೀಗೆ ನಾವು ಹೋಗುವ ದೂರ ಬೆಳೆಯಿತು. ಕೊನೆಗೆ, ಶಾಲೆ ಮತ್ತೆ ಸುರುವಾದ ಬೆಳಗ್ಗೆ, ನಿಜವಾಗಿ ಹೊರಟೆವು. ಅವ್ವ ಮುಂಚೆಯೇ ಹೋಗಿದ್ದಳು. ಅಪ್ಪ ನಮ್ಮಿಬ್ಬರನ್ನು ಶಾಲೆಗೆ ಕಳಿಸಿ ತಾವು ಹಿಂದುಳಿದರು. ತಿರುಗಿ ನೋಡಿದರೆ ಛತ್ರಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದಾರೆ, ಕಿವಿ ಮನೆಯ ಕಡೆಗೆ. ನಾವೂ ನಿಂತೆವು.

ಸದ್ದಿಲ್ಲ. ಒಳಗೆ ರೊಟ್ಟಿ ಕಡಿದು ಮುಗಿದಿರಬೇಕಾದ ಹೊತ್ತೂ ಆಯಿತು. ಆಗಲೂ ಸದ್ದಿಲ್ಲ.

ಖಾಜಾ ಕಾಕಾ ಬಾಗಿಲು ತೆಗೆದು ಹೊರಬಂದರು. "ಸಾಹೇಬ್ರೆ, ಸಪ್ಪಳಾನ ಇಲ್ಲ?"

"ಇಲ್ಲ," ಅಂದರು ಅಪ್ಪ. "ನಾವು ಹೋಗಿದ್ದಕ್ಕ ಅದಕ್ಕ ಏನೂ ಅನಸವಲ್ದು ನೋಡ್ರಿ." ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

"ನನಗೂ ನಿದ್ದಿ ಹತ್ತವಲ್ದು. ಏನಾಗೈತೋ ಏನೋ. ಒಮ್ಮಿ ಕದ ತಗದು ನೋಡಬಾರದ?"

ಅಪ್ಪ ಬೀಗ ತೆಗೆದರು. ನಾವೂ ಓಡಿಬಂದು ಇಣುಕಿದೆವು. ಗೋಣಿತಟ್ಟಿಗೆ ಯಾವಾಗಲೋ ಹಾಸಿದ್ದ ಅಪ್ಪನ ಹಳೆ ಪಂಚೆಯ ಮೇಲೆ, ವಿಭೂತಿ ಅಳಿಸಿದ ಹಣೆಯನ್ನು ಕಾಲಿನ ಮೇಲಿಟ್ಟು, ಕೆಂಚ ಗೊರಕೆ ಹೊಡೆಯುತ್ತಿತ್ತು. ನಮ್ಮನ್ನು ಕಂಡು ಒಂದು ಕಣ್ಣು ತೆರೆದು, ಯಾಕೆ ಬಂದಿರಿ ಎನ್ನುವಂತೆ ನೋಡಿ, ಮುಚ್ಚಿತು. ಕಾಕಾ ಮಲಗಲು ಹೋದರು. ಅಪ್ಪ ತಮ್ಮ ನೌಕರಿಯಲ್ಲಿ ಮೊದಲ ಸಲ ಕಚೇರಿಗೆ ತಡವಾಗಿ ಹೋದರು.

ಮುಂದಿನ ಅಕ್ಕಿ ಚೀಲದೊಂದಿಗೆ ವೀರೇಶ ಮಾಮ ಬಂದಾಗ ಖಾಲಿ ಬುಟ್ಟಿಯನ್ನೂ ತಂದಿದ್ದ. ಕೆಂಚ ಅವನ ಮುಂದೆ ಹೋಗಿ ಕೂತು, ಕಣ್ಣು ಮುಚ್ಚಿ, ಹಣೆ ಎತ್ತಿತು.

"ಏನಾಗೈತಿ ಇದಕ್ಕ?" ಅಂದ ಮಾಮ ಗಾಬರಿಯಿಂದ.

"ನೀನು ಹೊಂಡಾಕತ್ತೀ ಅಂತ ತಿಳದೈತಿ. ಬಸ್ ತಪ್ಪೀತು, ನಡಿ," ಅಂದರು ಅಪ್ಪ.

"ಈಗ ಬಂದೀನಿ ಭಾವಾರೆ. ಮತ್ತ ನಾಯಿ?"

"ಅದಕ್ಕ ಬಸ್ಸು ಆಗಿಬರೂದಿಲ್ಲ. ಅಕ್ಕಿ ಹಾಳಾಗತೈತಿ."

ಬಸು ಅಂದು ಎರಡು ಸಲ ಅನ್ನ ಹಾಕಿಸಿಕೊಂಡ.

ಕೆಂಚ ನಾನು ಮದುವೆಯಾಗಿ ಹೋಗುವ ತನಕವೂ ಇತ್ತು. ನಾನು ಹೊರಟ ದಿನ ಎಲ್ಲರಿಗಿಂತ ಮೊದಲು ಬಂದು ಸರದಿಯಲ್ಲಿ ಕೂತದ್ದೂ ಅದೇ. ಈಗ ಆ ಸಾಲುಮನೆಗಳಿಲ್ಲ, ಬೇವಿನ ಗಿಡವೂ ಇಲ್ಲ. ಮೊಮ್ಮಗಳು ಒಂದು ಮರಿ ಸಾಕಿದ್ದಾಳೆ. ಅವಳಿಲ್ಲದಾಗ ಅದು ಅಳುತ್ತದೋ ಇಲ್ಲವೋ ಎಂದು ಫೋನಿನಲ್ಲಿ ನೋಡುತ್ತಾಳೆ. ಅದು ಒಳ್ಳೆಯ ಏರ್ಪಾಡೇ. ಆದರೆ ಪಕ್ಕದ ಮನೆಯಲ್ಲಿ ಅದು ಅತ್ತರೆ ನಿದ್ದೆಗೆಡುವ, ಅಳದಿದ್ದರೂ ನಿದ್ದೆಗೆಡುವ ಮನುಷ್ಯ ಒಬ್ಬನೂ ಇಲ್ಲ.

ನಾನು ಈಗಲೂ ಸ್ನಾನ, ತಿಂಡಿ, ವಿಭೂತಿ, ಚಪ್ಪಲಿ, ಬೀಗ, ಇದೇ ಕ್ರಮದಲ್ಲಿ ಹೊರಡುತ್ತೇನೆ. ಹಣೆಗೆ ಇಟ್ಟಾದ ಮೇಲೆ ಬೆರಳಲ್ಲಿ ಸ್ವಲ್ಪ ಉಳಿಯುತ್ತದೆ. ಕೈ ತಾನಾಗಿ ಮೊಣಕಾಲಿನ ಎತ್ತರಕ್ಕೆ ಇಳಿಯುತ್ತದೆ, ಅಲ್ಲಿ ಏನೂ ಸಿಗದೆ ಬಾಗಿಲ ಚೌಕಟ್ಟಿಗೆ ಒರೆಸಿಕೊಳ್ಳುತ್ತದೆ. ಮನೆಯಲ್ಲಿ ಎಲ್ಲೂ ಒಂದು ಕಲೆ ಉಳಿಯಲು ನಾನು ಬಿಟ್ಟವಳಲ್ಲ. ಚೌಕಟ್ಟಿನ ಆ ಜಾಗ ಮಾತ್ರ ಬೆಳ್ಳಗಾಗಿದೆ, ಹಾಗೇ ಇದೆ.