ಮೂರು ಪಟ್ಟಣ ಬಿಟ್ಟುಕೊಟ್ಟ ಭಾನುವಾರ

ಸೂರತ್‌ನಿಂದ ಬರುವ ರೈಲು ತಡವಾಗಬಹುದಿತ್ತು. ಹೊತ್ತಿಗೆ ಸರಿಯಾಗಿ ಬಂದರೂ ನಮ್ಮ ಸೂರತ್ ಗೆಳೆಯ ನಿದ್ದೆ ಹೊಡೆದು, ವಡೋದರಾ ದಾಟಿ, ಆಣಂದ್‌ನಲ್ಲಿ ಇಳಿಯಬಹುದಿತ್ತು. ಹಿಂದೆ ಒಮ್ಮೆ ಇಳಿದಿದ್ದಾನೆ. ಅಹಮದಾಬಾದಿನ ಬೋಪಾಲ್ ಬಡಾವಣೆಯ ದಂಪತಿ ಹೊರಡುವ ಗಳಿಗೆಯಲ್ಲಿ ಜಗಳವಾಡಿಕೊಂಡು ಒಬ್ಬರೇ ಬರಬಹುದಿತ್ತು, ಇಲ್ಲವೇ ಜಗಳವಾಡುತ್ತಲೇ ಇಬ್ಬರೂ ಬರಬಹುದಿತ್ತು. ವಡೋದರಾದ ಗೋರ್ವಾ ಬಡಾವಣೆಯ ನಿವೃತ್ತ ಮೇಷ್ಟರು ಮತ್ತೆ ತಮ್ಮ ಅಂಕಿ ತುಂಬುವ ಮಾಯಾಚೌಕಗಳನ್ನು ತಂದು ಒಂದು ಗಂಟೆ ನುಂಗಬಹುದಿತ್ತು. ಕಾಲೇಜು ಹುಡುಗರು ಯಾರದೋ ಹುಟ್ಟುಹಬ್ಬಕ್ಕೆಂದು ಮಹಡಿಯ ಕೋಣೆಯನ್ನು ಮೊದಲೇ ಹಿಡಿದುಕೊಂಡಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಕಬ್ಬಿಣದ ಮೆಟ್ಟಿಲಿನ ಮೇಲೆ ಯಾರಾದರೂ ಜಾರಬಹುದಿತ್ತು, ಆ ಯಾರಾದರೂ ನಾನೇ ಆಗಿರಬಹುದಿತ್ತು. ಯಾರಿಗಾದರೂ ಸಕ್ಕರೆ ಇಳಿದು ತಲೆ ಸುತ್ತಬಹುದಿತ್ತು. ಅದಕ್ಕೆಂದು ನನ್ನ ಜೇಬಿನಲ್ಲಿ ನಾಲ್ಕು ಪೆಪ್ಪರಮಿಂಟು ಇದ್ದವು.

ಇಷ್ಟನ್ನೂ ನಮ್ಮ ಗುಂಪು ಸೇರುವ ಹಿಂದಿನ ದಿನವೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ. ಹೆಂಡತಿ ಓದಿ ನೋಡಿ, ಭೂಕಂಪ ಬಿಟ್ಟುಹೋಗಿದೆಯಲ್ಲ ಅಂದಳು. ಅದು ಕುಚೋದ್ಯ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಅದನ್ನೂ ಬರೆದು ಸೇರಿಸಿದ್ದೆ.

ನಮ್ಮದು ಒಂಬತ್ತು ಜನರ ಗುಂಪು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆಯ ಕನ್ನಡದವರು. ಕೆಲವರು ಅಹಮದಾಬಾದಿನ ನನ್ನ ಹಾಗೆ ಸರಕಾರಿ ಸಂಶೋಧನಾ ಸಂಸ್ಥೆಗಳಲ್ಲಿ ಇರುವವರು, ಕೆಲವರು ಕಾರ್ಖಾನೆಗಳ ಎಂಜಿನಿಯರುಗಳು. ಪದಬಂಧ, ಕ್ವಿಜ್ಜು, ಒಗಟು ಇವುಗಳ ಚಟ ಒಂದೇ ನಮ್ಮನ್ನು ಕಟ್ಟಿದ ದಾರ. ಅದಿಲ್ಲದಿದ್ದರೆ ಒಬ್ಬರ ಮುಖ ಇನ್ನೊಬ್ಬರು ನೋಡುವ ಕಾರಣವೇ ಇರಲಿಲ್ಲ. ಮೂರು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ ಮೂರಕ್ಕೆ, ವಡೋದರಾದ ಫತೇಗಂಜ್‌ನಲ್ಲಿ ಉಡುಪಿ ಕಡೆಯವರೊಬ್ಬರು ನಡೆಸುವ ಚಿಕ್ಕ ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ಊಟದ ಗಿರಾಕಿಗಳು ಮುಗಿದು ಸಂಜೆಯ ಹುಡುಗರು ಶುರುವಾಗುವ ತನಕ ಎರಡೂವರೆ ಗಂಟೆ ಆ ಕೋಣೆ ನಮ್ಮದು.

ಒಗಟಿಗೆ ನಾವು ಹಳೆಯ ಪದ್ಧತಿಯನ್ನೇ ಇಟ್ಟುಕೊಂಡಿದ್ದೇವೆ. ಬಿಡಿಸಲಾಗದವರು ಸೋತೆ ಎಂದರೆ ಸಾಲದು, ಒಂದು ಊರು ಬಿಟ್ಟುಕೊಡಬೇಕು. ಊರು ಕೈಗೆ ಬಂದ ಮೇಲೆಯೇ ಒಗಟು ಹಾಕಿದವರು ಉತ್ತರ ಹೇಳುವುದು. ಚಿಕ್ಕಂದಿನಲ್ಲಿ ಅಜ್ಜಿಯರ ಜೊತೆ ಆಡುವಾಗ ನಾವೆಲ್ಲ ಪಕ್ಕದ ಹಳ್ಳಿಗಳನ್ನು ಧಾರಾಳವಾಗಿ ದಾನ ಮಾಡಿದವರು. ಇಲ್ಲಿ ಬಂದ ಮೇಲೆ ಇಲ್ಲಿಯ ಜಾಗಗಳನ್ನೇ ಕೊಡತೊಡಗಿದೆವು, ಮತ್ತು ಅದೇಕೋ ಭಾರಿ ಜಿಪುಣರಾದೆವು. ಬೋಪಾಲ್ ಕೊಡುತ್ತೇನೆ ಎಂದರೆ, ಬೋಪಾಲ್ ಯಾರಿಗೆ ಬೇಕು, ಆ ಟ್ರಾಫಿಕ್ಕಿನಲ್ಲಿ ಹೊರಗೆ ಬರುವುದಕ್ಕೇ ಮುಕ್ಕಾಲು ಗಂಟೆ, ಎಂದು ಒಬ್ಬರು ಮೂಗು ಮುರಿಯುವರು. ಗೋರ್ವಾ ಕೇಳಿದರೆ ಮೇಷ್ಟರು, ಬೇಕಾದರೆ ನನ್ನ ಗೇಟಿನ ಹೊರಗಿನ ಅರ್ಧ ಗಲ್ಲಿ ತೆಗೆದುಕೊಳ್ಳಿ, ಅದರಲ್ಲಿ ಹೇಗೂ ಚರಂಡಿ ಅಗೆದಿದ್ದಾರೆ, ಎನ್ನುವರು. ಒಗಟಿಗೆ ಎರಡು ನಿಮಿಷವಾದರೆ ಊರಿನ ಚೌಕಾಸಿಗೆ ಇಪ್ಪತ್ತು ನಿಮಿಷ. ನಿಜ ಹೇಳಬೇಕೆಂದರೆ, ನಾವು ಅಷ್ಟು ದೂರದಿಂದ ಬರುತ್ತಿದ್ದದ್ದೇ ಆ ಚೌಕಾಸಿಗೆ.

ಆರು ವರ್ಷ ಇದನ್ನೆಲ್ಲ ಒಬ್ಬರು ನಿಂತುಕೊಂಡೇ ಕೇಳಿದ್ದರು. ಹೋಟೆಲಿನ ಯಜಮಾನರ ಹೆಂಡತಿ. ಅರವತ್ತರ ಹತ್ತಿರದವರು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕಾಫಿ ತಂದವರು ತಟ್ಟೆಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಬಳಿ ನಿಲ್ಲುವರು, ಕೆಳಗಿನಿಂದ ಕರೆ ಬಂದರೆ ಇಳಿಯುವರು. ಬನ್ನಿ ಅಕ್ಕ ಕೂತುಕೊಳ್ಳಿ ಎಂಬ ಮಾತು ಒಮ್ಮೆಯೂ ನಮ್ಮ ಬಾಯಿಗೆ ಬರಲಿಲ್ಲ. ಸ್ತ್ರೀಯರ ಶಿಕ್ಷಣದ ಬಗ್ಗೆ ಕ್ವಿಜ್ಜು ಮಾಡಿದ್ದೇವೆ, ಅದನ್ನೂ ಅವರು ನಿಂತೇ ಕೇಳಿದ್ದಾರೆ.

ಕಳೆದ ಚಳಿಗಾಲದಲ್ಲಿ ಯಜಮಾನರು ನನಗೆ ಫೋನು ಮಾಡಿದರು. ಮುಂದಿನ ಸಲ ನಮ್ಮವಳೂ ಒಂದೆರಡು ಒಗಟು ಹಾಕಬಹುದಾ ಅಂತ ಕೇಳ್ತಿದ್ದಾಳೆ, ನಿಮಗೆಲ್ಲ ತೊಂದರೆ ಇಲ್ಲದಿದ್ದರೆ ಮಾತ್ರ, ಎಂದರು. ಕೆಲಸಕ್ಕೆ ಆ ದಿನ ಬೇರೆ ಏರ್ಪಾಡು ಮಾಡಿದ್ದಾರಂತೆ. ಖಂಡಿತ ಬರಲಿ ಎಂದೆ. ಫೋನು ಇಟ್ಟ ಕೂಡಲೇ ನನ್ನ ಚಿಂತೆಯ ಕಾಯಿಲೆ ಶುರುವಾಯಿತು.

ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಇದು ತಿಳಿದದ್ದು ಆಮೇಲೆ. ಅಕ್ಕನ ಬಳಿ ಅವರ ಅಜ್ಜಿಯ ಒಗಟು ಒಂದಿತ್ತು, ಅದರ ಉತ್ತರ ಅವರಿಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅಜ್ಜಿ ಹಾಕಿದ್ದು. ಊರು ಕೊಡು ಹೇಳ್ತೇನೆ ಎಂದು ಅಜ್ಜಿ, ಕೊಡುವುದಿಲ್ಲ ನಾನೇ ಬಿಡಿಸುತ್ತೇನೆ ಎಂದು ಹುಡುಗಿ. ಹಟ ಹಾಗೆಯೇ ಇರುವಾಗ ಅಜ್ಜಿ ತೀರಿಕೊಂಡರು. ಐವತ್ತು ವರ್ಷ ಅದನ್ನು ತಲೆಯಲ್ಲಿಟ್ಟುಕೊಂಡ ಹೆಂಗಸು, ಇಷ್ಟು ಓದಿದವರು ಇದ್ದಾರೆ, ಇವರಲ್ಲಿ ಒಬ್ಬರಿಗಾದರೂ ಹೊಳೆಯದೇ ಇದ್ದೀತೇ ಎಂದುಕೊಂಡು ಮೇಲೆ ಬಂದು ಕೂರಲು ಮನಸ್ಸು ಮಾಡಿದ್ದರು. ಅವರಿಗೆ ಬೇಕಾಗಿದ್ದದ್ದು ಉತ್ತರ. ಅವರಿಗೆ ಬೇಕಾಗಿರುವುದು ಗೆಲುವು ಎಂದು ನಾನು ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸುವುದಕ್ಕೆ ನನ್ನ ಹಳೆಯ ಪಾಪವೊಂದು ಕಾರಣ. ಎರಡು ವರ್ಷದ ಹಿಂದೆ ಬೋಪಾಲ್ ದಂಪತಿಯ ಜೊತೆ ಗಂಡನ ತಂಗಿ ಬಂದಿದ್ದರು. ಆಕೆ ಹಾಕಿದ ಒಗಟಿಗೆ, ವಾಕ್ಯ ಇನ್ನೂ ಅರ್ಧದಲ್ಲಿರುವಾಗಲೇ, ನಾನು ಉತ್ತರ ಹೇಳಿಬಿಟ್ಟೆ. ಎರಡನೆಯದಕ್ಕೂ ಹಾಗೇ ಮಾಡಿದೆ. ಚಪ್ಪಾಳೆ ಬಂತು. ಆಕೆ ಮತ್ತೆ ಬರಲಿಲ್ಲ. ಅಕ್ಕನಿಗೂ ಹೀಗೇ ಆದರೆ? ಆರು ವರ್ಷ ಕಾದು, ಒಂದು ದಿನ ಕೂತು, ನನ್ನಂಥ ಬಾಯಿಬಡುಕನಿಂದ ಅವಮಾನವಾದರೆ?

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಕ್ಕನ ಯಜಮಾನರೂ ಇದ್ದರು. ಅವರನ್ನು ಬಿಟ್ಟು ಉಳಿದವರದು ಒಂದು ಬೇರೆ ಗುಂಪು ಮಾಡಿದೆ. ಅಕ್ಕ ಏನೇ ಕೇಳಿದರೂ ಯಾರೂ ಬಿಡಿಸಬಾರದು, ಸ್ವಲ್ಪ ಯೋಚಿಸಿದಂತೆ ಮಾಡಿ ಸೋಲಬೇಕು, ಊರು ಕೇಳಿದರೆ ದೊಡ್ಡ ಮನಸ್ಸಿನಿಂದ ಕೊಡಬೇಕು, ಎಂದು ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಸೂರತ್ ಗೆಳೆಯ ಒಬ್ಬನೇ ಫೋನು ಮಾಡಿದ. ಹುಬ್ಬಳ್ಳಿಯವನು, ಮುಚ್ಚಿಟ್ಟು ಮಾತಾಡಿ ಅಭ್ಯಾಸವಿಲ್ಲ.

"ಲೇ, ಅವರೇನು ಸಣ್ಣ ಕೂಸೇನು? ಆಡಾಕ ಬರ್ತಾರ, ಆಡೋಣು. ಸೋತ್ರ ಸೋಲ್ತಾರ."

ನಿನಗೆ ಸೂಕ್ಷ್ಮ ತಿಳಿಯುವುದಿಲ್ಲ ಎಂದೆ. ಹೆಂಡತಿಯೂ, ಬೇಡ ರೀ, ನಿಮ್ಮ ಒಳ್ಳೆಯತನ ಯಾವಾಗಲೂ ಯಾರ ಕಾಲನ್ನಾದರೂ ತುಳಿಯುತ್ತದೆ, ಎಂದಳು. ಅವಳಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಆ ಭಾನುವಾರ ರೈಲು ಹೊತ್ತಿಗೆ ಬಂತು. ಬೋಪಾಲ್‌ನವರು ನಗುತ್ತಲೇ ಬಂದರು, ಮೇಷ್ಟರು ಬರಿಗೈಯಲ್ಲಿ ಬಂದರು, ಕರೆಂಟು ಇತ್ತು. ಅಕ್ಕ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಕೈ ಒರೆಸಿಕೊಳ್ಳುತ್ತಾ ಬಂದು, ಕುರ್ಚಿಯ ತುದಿಯಲ್ಲಿ ಕೂತರು. ನಮ್ಮ ಮುಂದೆ ಅವರೇ ಹೇಳಿ ಮಾಡಿಸಿದ ಈರುಳ್ಳಿ ಉತ್ತಪ್ಪ. ಎಲ್ಲರೂ ಎರಡೆರಡು ತುತ್ತು ತಿಂದಿದ್ದೆವು.

"ಮೊದಲು ಒಂದು ಸುಲಭದ್ದು ಹಾಕ್ತೇನೆ, ನನಗೆ ಸ್ವಲ್ಪ ಧೈರ್ಯ ಬರ್ಲಿಕ್ಕೆ," ಎಂದರು ಅಕ್ಕ. "ಅಂಗಡಿಯಿಂದ ತಂದದ್ದು, ಎದುರಿಗೆ ಇಟ್ಕೊಂಡು ಅತ್ತದ್ದು. ಎಂತದು?"

ಕನ್ನಡ ನಾಡಿನಲ್ಲಿ ಎರಡನೆಯ ಇಯತ್ತೆ ದಾಟಿದ ಯಾರಿಗೂ ಗೊತ್ತಿಲ್ಲದ ಒಗಟಲ್ಲ ಅದು. ಉತ್ತರ ನಮ್ಮ ತಟ್ಟೆಯಲ್ಲೇ ಬೆಂದು ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುತ್ತಿತ್ತು. ನಾನು ಸುತ್ತ ನೋಡಿದೆ. ಇಲ್ಲಿ ನಿಲ್ಲಿಸಬಹುದಿತ್ತು. ಜೋರಾಗಿ ನಕ್ಕು, ಈರುಳ್ಳಿ ಅಕ್ಕ, ಇನ್ನು ನಿಜವಾದದ್ದು ಹಾಕಿ, ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅವರು ಕೇಳುವುದೇ ಇಂಥದ್ದಾಗಿದ್ದರೆ, ಇದನ್ನೂ ನಾನು ಕಿತ್ತುಕೊಂಡರೆ, ಎಂಬ ಹೆದರಿಕೆ. ಹಣೆ ಗಂಟು ಹಾಕಿಕೊಂಡೆ. ನನ್ನನ್ನು ನೋಡಿ ಉಳಿದವರೂ ಹಾಕಿಕೊಂಡರು. ಎರಡು ಡಾಕ್ಟರೇಟುಗಳು, ನಾಲ್ಕು ಎಂಜಿನಿಯರಿಂಗ್ ಪದವಿಗಳು ಸೇರಿ ಒಂದು ಈರುಳ್ಳಿಯ ಮುಂದೆ ಮೌನವಾಗಿ ಕೂತವು. ಮೇಷ್ಟರು ತೆಂಗಿನಕಾಯಿ ಇರಬಹುದೇ ಎಂದರು. ಅಷ್ಟು ಕೆಟ್ಟದಾಗಿ ನಟಿಸಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸೂರತ್ ಗೆಳೆಯ ತಲೆ ಎತ್ತದೆ ಉತ್ತಪ್ಪ ಮುರಿಯುತ್ತಿದ್ದ.

"ಸೋತೆವು ಅಕ್ಕ," ಎಂದೆ ನಾನು.

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ, "ಹಾಗಾದ್ರೆ ಊರು ಕೊಡಿ," ಎಂದರು.

"ಅಹಮದಾಬಾದ್ ಕೊಟ್ಟೆ," ಎಂದೆ. ಬೋಪಾಲ್‌ನವರು ಅದರ ಹಿಂದೆಯೇ, ನಮ್ಮ ಕಡೆಯಿಂದ ಸೂರತ್ತೂ ಇರಲಿ, ಎಂದರು, ಅದು ಅವರದ್ದಲ್ಲ. ಮೇಷ್ಟರು ವಡೋದರಾ ಇಡೀ ಕೊಟ್ಟರು, ಗೋರ್ವಾ ಸಮೇತ. ಯಾರೂ ಚೌಕಾಸಿ ಮಾಡಲಿಲ್ಲ. ಅರ್ಧ ನಿಮಿಷದಲ್ಲಿ ಮೂರು ಪಟ್ಟಣ ಅಕ್ಕನ ಮಡಿಲಿಗೆ ಬಿದ್ದವು.

ಅಕ್ಕ, ನೀರುಳ್ಳಿ, ಎಂದು ಉತ್ತರ ಹೇಳಿದರು. ನಾವು ಓಹೋ ಎಂದೆವು. ನಾನು ಚಪ್ಪಾಳೆ ತಟ್ಟಿದೆ. ಇನ್ನೊಂದು ಹಾಕಿ ಅಕ್ಕ ಎಂದು ಬೋಪಾಲ್‌ನವರು ಕೇಳಿದಾಗ, ಅಷ್ಟೇ, ನನಗೆ ಬರುದು ಅದೊಂದೇ, ಎಂದು ನಕ್ಕು ಎದ್ದರು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಹೋದರು. ಎಷ್ಟು ಖುಷಿಯಾಯಿತು ನೋಡು ಅವರಿಗೆ ಎಂದು ಹೆಂಡತಿಗೆ ಫೋನು ಮಾಡಿ ಹೇಳಿದೆ. ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದಳು. ಹಿಂದಿರುಗುವ ರೈಲಿನಲ್ಲಿ ಹಾಳೆ ತೆಗೆದು ಒಂದೊಂದನ್ನೇ ಹೊಡೆದುಹಾಕಿದೆ. ಬಹಳ ಹಗುರಾಗಿದ್ದೆ.

ಹತ್ತು ದಿನದ ಮೇಲೆ, ಬೇರೇನೋ ಮಾತಿಗೆ ಯಜಮಾನರು ಫೋನಿನಲ್ಲಿ ಸಿಕ್ಕಾಗ, ಅಜ್ಜಿಯ ಒಗಟಿನ ವಿಷಯ ಬಂತು. ಯಾಕೋ ಕೇಳದೆ ಬಂದಳು, ಮರೆತಳೋ ಏನೋ, ಎಂದರು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಆ ವಾರವಿಡೀ ಪ್ರಯೋಗಾಲಯದಲ್ಲಿ ಯಾರು ಏನು ಕೇಳಿದರೂ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಫೋನಿನಲ್ಲಿ ಕ್ಷಮೆ ಕೇಳೋಣ ಎಂದುಕೊಂಡೆ, ಮಾತು ತಡವರಿಸಿದರೆ ಎಂದು ಬಿಟ್ಟೆ. ಪತ್ರ ಬರೆಯೋಣ ಎಂದುಕೊಂಡೆ, ಯಜಮಾನರು ಓದಿದರೆ ಎಂದು ಬಿಟ್ಟೆ. ಕಡೆಗೆ ಶನಿವಾರ ಒಬ್ಬನೇ ವಡೋದರಾಕ್ಕೆ ಹೋದೆ.

ಮಧ್ಯಾಹ್ನದ ಬಿಡುವು. ಅಕ್ಕ ಕೆಳಗೆ ಮೂಲೆಯ ಮೇಜಿನಲ್ಲಿ ಕರಿಬೇವು ಬಿಡಿಸುತ್ತಿದ್ದರು. ನನಗೆ ಕಾಫಿ ಹೇಳಿ ಎದುರಿಗೆ ಕೂರಿಸಿದರು. ಬೇರೆ ಗುಂಪು ಮಾಡಿದ್ದು, ಸೋಲಲು ಹೇಳಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

"ನನಗೆ ಅವತ್ತೇ ಗೊತ್ತಾಯ್ತು," ಎಂದರು ಅಕ್ಕ. ಸಿಟ್ಟು ಇರಲಿಲ್ಲ, ಕೈಯೂ ನಿಲ್ಲಲಿಲ್ಲ. "ನೀರುಳ್ಳಿದು ಬಿಡಿ, ಮರ್ತಿರ್ಬಹುದು ಅಂತ ಇಟ್ಕೊಳ್ಳುವ. ಅರ್ಧ ಗಲ್ಲಿ ಕೊಡ್ಲಿಕ್ಕೆ ಅಷ್ಟು ಜಗಳ ಮಾಡುವವ್ರು, ಮೂರು ಪೇಟೆ ಒಟ್ಟಿಗೆ ಕೊಟ್ರಲ್ಲ ಸರ್. ನಾನು ಆರು ವರ್ಷ ಆ ಬಾಗಿಲಲ್ಲಿ ನಿಂತಿದ್ದೇನೆ."

ತಪ್ಪಾಯಿತು ಎಂದೆ. ಅಜ್ಜಿಯ ಒಗಟು ಈಗಲಾದರೂ ಹೇಳಿ, ಎಲ್ಲರನ್ನೂ ಕೇಳುತ್ತೇನೆ, ನಾನೂ ಯೋಚಿಸುತ್ತೇನೆ, ಎಂದು ಬೇಡಿಕೊಂಡೆ. ಅವರು ಇನ್ನೆರಡು ಕಡ್ಡಿ ಕರಿಬೇವು ಬಿಡಿಸಿದರು. ಹೇಳುವುದಿಲ್ಲ ಎಂದುಕೊಂಡೆ. ಹೇಳಿದರು.

"ಹೋಗುವಾಗ ಮೂವರು, ಬರುವಾಗ ಇಬ್ಬರು. ದಾರಿಯಲ್ಲಿ ಸತ್ತವರಿಲ್ಲ, ಅಲ್ಲಿ ಉಳಿದವರಿಲ್ಲ."

ಕಾಫಿ ಆರುವ ತನಕ ಯೋಚಿಸಿದೆ. ಬಾವಿ, ಬುತ್ತಿ, ನೆರಳು, ದೋಣಿ, ಎತ್ತು, ಗಾಡಿ, ಒಂದನ್ನೂ ಬಿಡಲಿಲ್ಲ. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಬಿಟ್ಟುಹೋಗುತ್ತಿತ್ತು. ನನ್ನ ಜೀವನದಲ್ಲಿ ಯಾವ ಒಗಟಿನ ಮುಂದೆಯೂ ಅಷ್ಟು ಪ್ರಾಮಾಣಿಕವಾಗಿ ಕೂತಿರಲಿಲ್ಲ.

"ಗೊತ್ತಾಗ್ತಾ ಇಲ್ಲ ಅಕ್ಕ," ಎಂದೆ.

ಅಕ್ಕ ತಲೆಯಾಡಿಸಿದರು, ಮನೆಗೆ ಬಂದವರು ಏನು ಹೇಳಿದರೂ ತಲೆಯಾಡಿಸುವ ಹಾಗೆ. "ಇರ್ಲಿ ಬಿಡಿ ಸರ್," ಎಂದು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ಊರು ಕೇಳಲಿಲ್ಲ. ನಾನು ನಿಜ ಹೇಳುತ್ತಿದ್ದೆ, ಅವರು ನಂಬಲಿಲ್ಲ.