ಅಗ್ಗದ ಮಾಲಿ

ರಾಣೆಬೆನ್ನೂರಿನ ಬೀಜದ ಅಂಗಡಿಯ ಅಬ್ದುಲರಜಾಕನ ಹೆಂಡತಿ ಶರೀಫಾಬಿಗೆ ಹೇಸಿಗೆ ಜಾಸ್ತಿ. ಮದುವೆ ಮನೆಗೆ ಹೋದರೆ ತಟ್ಟೆಯನ್ನು ಮೂಸಿ ನೋಡಿ, ಸೆರಗಿನಿಂದ ಒರೆಸಿದ ಮೇಲೆಯೇ ಅನ್ನ ಹಾಕಿಸಿಕೊಳ್ಳುವಳು. ಬೇರೆಯವರ ಬಚ್ಚಲಿಗೆ ಹೋಗಬೇಕಾದೀತೆಂದು ಬಸ್ಸಿನ ಪ್ರಯಾಣಕ್ಕೆ ಮುಂಚೆ ನೀರನ್ನೇ ಕುಡಿಯುತ್ತಿರಲಿಲ್ಲ. ಇಂಥವಳನ್ನು ದೇವರು ಎಂಥವನಿಗೆ ಗಂಟು ಹಾಕಿದ ನೋಡಿ! ಅಬ್ದುಲರಜಾಕ ಎಂಜಲು ಕೈಯಲ್ಲಿ ಕಾಗೆ ಹೊಡೆಯದ ಆಸಾಮಿ. ಸಂತೆ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಹೊರಡುವನು. ಮಾರುವವರು ದನದ ಮುಂದೆ ಚೆಲ್ಲಬೇಕೆಂದಿದ್ದ ಟೊಮೆಟೊ, ಕಪ್ಪಾದ ಬಾಳೆಹಣ್ಣು, ಹುಳ ಹತ್ತಿದ ಬದನೆಕಾಯಿ ತಂದು ಅಡುಗೆಮನೆಯಲ್ಲಿ ಸುರಿದು, "ಎಷ್ಟಕ್ಕ ಬಂತು ಹೇಳು ನೋಡೋಣು" ಎಂದು ಗೆದ್ದವನಂತೆ ನಿಲ್ಲುವನು. ಆ ವಾಸನೆಗೆ ಅವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆದರೂ ಆರಿಸುತ್ತಿದ್ದಳು, ತೊಳೆಯುತ್ತಿದ್ದಳು, ಬೇಯಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ಸಂಸಾರ ನಡೆಯಿತು.

ಅವಳಿಗೆ ಮನಸ್ಸಿನಿಂದ ಬೇಕಾದದ್ದು ಒಂದೇ ಒಂದು. ಅವಳ ತಾಯಿ ರೋಷನಬಿ ತುಂಗಭದ್ರೆಯ ದಂಡೆಯ ಐರಣಿಯವಳು. ಕೊನೆಗಾಲದಲ್ಲಿ ರಾಣೆಬೆನ್ನೂರಿಗೆ ಬಂದು ಮಗ ಇಸಾಕಸಾಬನ ಮನೆಯಲ್ಲಿದ್ದಳು. ಐರಣಿಯ ಹಿತ್ತಲಿನಿಂದ ಗಾವಟಿ ಗುಲಾಬಿಯ, ಎಂದರೆ ನಾಟಿ ಗುಲಾಬಿಯ, ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಮಗನ ಮನೆ ಮುಂದೆ ನೆಟ್ಟಿದ್ದಳು. ಸಾಯುವ ಮುಂದೆ ಮಗಳ ಕೈ ಹಿಡಿದು, "ನನ್ನ ಗೋರಿ ಮ್ಯಾಲ ಹಸರು ಇರ್ಲಿ. ಹಸರು ಇರೂತನಕ ಒಳಗ ಮಲಗಿದವರಿಗೆ ತಂಪಂತ" ಎಂದಿದ್ದಳು. ಹೆಂಗಸರು ಖಬರಸ್ತಾನದೊಳಗೆ ಹೋಗುವ ರೂಢಿಯಿಲ್ಲ. ಅದಕ್ಕೆ ಶರೀಫಾಬಿ ತಮ್ಮನಿಂದ ಮಾತು ತೆಗೆದುಕೊಂಡಳು. ಇಸಾಕಸಾಬ ಆ ಗುಲಾಬಿಯನ್ನೇ ಕಿತ್ತು ತಾಯಿಯ ಗೋರಿಯ ಮೇಲೆ ನೆಟ್ಟು, ಅಲ್ಲಿಯ ಗಿಡಗಳಿಗೆ ನೀರು ಹಾಕುವವನಿಗೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡಿದ. ಪ್ರತಿ ಶಬೇಬರಾತ್ ಹಬ್ಬದಲ್ಲಿ ಗಂಡಸರು ಹಿರಿಯರ ಗೋರಿಗಳಿಗೆ ಹೋಗಿ ಬರುವರು. "ಗಿಡ ಹೆಂಗೈತೋ?" ಎಂದು ಅವಳು ಕೇಳುವಳು. "ಚೊಲೋ ಐತಿ ಆಪಾ" ಎಂದು ಅವನು ಹೇಳುವನು. ಅಷ್ಟಕ್ಕೇ ಅವಳಿಗೆ ಸಮಾಧಾನ.

ತೊಂಬತ್ತೊಂದರಲ್ಲಿ ಅಬ್ದುಲರಜಾಕ ಹಲಗೇರಿ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ. ಪಕ್ಕದಲ್ಲಿ ಇಂಜಿನಿಯರ ಸಾಹೇಬರ ಮನೆ, ಅವರ ಅಂಗಳದ ತುಂಬ ಹೂವು. ಹೋಗಿ ಬರುವವರೆಲ್ಲ ಆ ಕಡೆಗೇ ನೋಡುವರು. ಇದು ಅಬ್ದುಲರಜಾಕನ ಹೊಟ್ಟೆಯೊಳಗೆ ಕುಳಿತು ಕೊರೆಯತೊಡಗಿತು. ಬೀಜ ಮಾರುವವನ ಮನೆ ಮುಂದೆಯೇ ಬೋಳು ಅಂಗಳವಿದ್ದರೆ ಗಿರಾಕಿ ಏನೆಂದಾನು? ಹಲಗೇರಿಯಿಂದ ಮೈಲಾರೆಪ್ಪ ಎಂಬ ತೋಟದ ಕೆಲಸದವನನ್ನು ಕರೆಸಿದ. ಅವನು ಅಂಗಳವನ್ನು ಎರಡು ಸುತ್ತು ಹಾಕಿ, ಮೂರು ಕಪ್ಪು ಚಹಾ ಕುಡಿದು ಲೆಕ್ಕ ಹೇಳಿದ.

"ಮದ್ಲ ಕೆರೀಮಣ್ಣು ಎರಡು ಚಕ್ಕಡಿ ಹಾಕಬೇಕ್ರಿ, ತಿಪ್ಪಿಗೊಬ್ಬರ ಒಂದು ಚಕ್ಕಡಿ. ಸಸಿ, ಆಳು ಎಲ್ಲಾ ಹಿಡದು ಎಂಟುನೂರು ಆಕ್ಕೈತಿ. ಹೂ ಕಾಣಾಕ ಮುಂದಿನ ವರ್ಷ ಬರಬೇಕ್ರಿ."

"ಎಂಟುನೂರಕ್ಕ ಎರಡು ಆಡು ಬರ್ತಾವೋ ಮಾರಾಯಾ, ಹಾಲರೆ ಕೊಡ್ತಾವ" ಎಂದು ಅಬ್ದುಲರಜಾಕ ಅವನನ್ನು ಸಾಗಹಾಕಿದ. ಚಹಾ ಖರ್ಚಾದದ್ದಕ್ಕೆ ಹೆಂಡತಿಯನ್ನು ಬೈದ.

ವಾರದೊಳಗೆ ಇನ್ನೊಬ್ಬ ಮಾಲಿ ಬಂದ. ಹೆಸರು ಮಹಮ್ಮದಗೌಸ. ಗಿಡಕ್ಕೆ ಐದು ರೂಪಾಯಿ, ನೆಡುವುದೂ ಅದರಲ್ಲೇ, ತಿಂಗಳಿಗೊಮ್ಮೆ ಬಂದು ನೋಡುವುದೂ ಅದರಲ್ಲೇ. ಎಲ್ಲಿ ಸಿಕ್ಕ, ಯಾರವನು ಎಂದು ಶರೀಫಾಬಿ ಕೇಳಿದ್ದಕ್ಕೆ ಗಂಡ, "ನಮ್ಮವನs ಅದಾನ" ಎಂದಷ್ಟೇ ಹೇಳಿದ. ಅವಳಿಗೆ ಆ ಮನುಷ್ಯನನ್ನು ಕಂಡ ಕೂಡಲೇ ಮೈ ಮುದುಡಿತು. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು, ಬಾಯಿಯ ತುಂಬ ತಂಬಾಕು. ಗುಂಡಿ ತೋಡುವನು, ಅದರೊಳಗೇ ಪಿಚಕ್ಕೆಂದು ಉಗುಳುವನು. "ಛೀ, ಏನಪಾ ಇದು?" ಎಂದರೆ, "ತಂಬಾಕಿಗೆ ಹುಳಾ ಹತ್ತಂಗಿಲ್ರಿ ಭಾಬಿ" ಎಂದು ಕೆಂಪು ಹಲ್ಲು ಕಿಸಿಯುವನು.

ಆದರೆ ಗಿಡಗಳು? ಅವನು ಕೈಗಾಡಿಯಲ್ಲಿ ತಂದವು ಬೆರಳುದ್ದದ ಸಸಿಗಳಾಗಿರಲಿಲ್ಲ. ಬೇರಿಗೆ ದೊಡ್ಡ ಮಣ್ಣುಂಡೆ, ಅದಕ್ಕೆ ಗೋಣಿತಾಟು ಸುತ್ತಿದ, ಮೊಣಕಾಲೆತ್ತರದ ತುಂಬು ಗಿಡಗಳು. ಒಂದು ದುಂಡುಮಲ್ಲಿಗೆ, ಎರಡು ದಾಸವಾಳ, ಒಂದು ಕಣಗಿಲೆ, ಒಂದು ಗುಲಾಬಿ. ಮಳೆಗಾಲ ಮುಗಿಯುವುದರೊಳಗೆ ಅಂಗಳ ಹೂವಾಯಿತು. ಇಂಜಿನಿಯರ ಹೆಂಡತಿ ಗೋಡೆಯ ಆಚೆಯಿಂದ ಇಣುಕಿ, "ಇಷ್ಟ ಲಗೂ ಹೆಂಗ ಬೆಳದ್ವು?" ಎಂದು ಕೇಳಿದಾಗ ಅಬ್ದುಲರಜಾಕ ಉಬ್ಬಿ ಹೋದ.

ಶರೀಫಾಬಿ ಆ ಗುಲಾಬಿಗೆ ಸೋತಳು. ತಿಳಿಗೆಂಪು ಹೂವು, ದಳ ಕಡಿಮೆ, ಘಮ ಮಾತ್ರ ಮನೆಯ ತುಂಬ. ಮೊದಲ ಹೂವನ್ನು ಮೂಗಿಗೆ ಹಿಡಿದು, "ಅಮ್ಮನ ಹಿತ್ತಲದಾಗ ನಿಂತಂಗ ಆತು" ಎಂದಳು. ಗಾವಟಿ ಗುಲಾಬಿ ಎಲ್ಲ ಕಡೆಯೂ ಇರುತ್ತದೆ, ವಾಸನೆಯೂ ಒಂದೇ ಇರುತ್ತದೆ ಎಂದುಕೊಂಡಳು. ನಲ್ಲಿಯ ನೀರನ್ನು ಗಿಡಕ್ಕೆ ಹಾಕಬಾರದೆಂದು ಗಂಡನ ಕಟ್ಟಪ್ಪಣೆ. ಹೀಗಾಗಿ ಪಾತ್ರೆ ತೊಳೆದ ಮುಸುರೆ ನೀರೇ ಅದಕ್ಕೆ ಗತಿ. ಮಾಂಸ ತೊಳೆದ ನೀರು ಹಾಕಿದರೆ ಗುಲಾಬಿ ಸೊಕ್ಕುತ್ತದೆ ಎಂದು ಮಹಮ್ಮದಗೌಸ ಹೇಳಿದ್ದ. ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಅದನ್ನೂ ಬುಡಕ್ಕೆ ಸುರಿದಳು. ಚಳಿಗಾಲದಲ್ಲಿ ಅವನು ಕಡ್ಡಿಗಳನ್ನು ಸವರಿ, ಕತ್ತರಿಸಿದ ತುದಿಗಳಿಗೆ ಸಗಣಿ ಮೆತ್ತಲು ಹೇಳಿ ಹೋದ. ಸಗಣಿ ಮುಟ್ಟುವುದು ಅವಳಿಂದಾದೀತೇ? ನೆಂಟರ ಮದುವೆಗೆ ಕಲೆಸಿದ ಮೆಹಂದಿ ಉಳಿದಿತ್ತು. ಅದನ್ನೇ ಒಂದೊಂದು ತುದಿಗೂ ಮೆತ್ತಿದಳು. ಗಂಡ ನೋಡಿ, "ಗಿಡದ ಮದಿವಿ ಮಾಡಾಕತ್ತೀಯೇನು?" ಎಂದು ನಕ್ಕ.

ಶಬೇಬರಾತ್ ಇನ್ನು ನಾಲ್ಕು ದಿನವಿದೆ ಎನ್ನುವಾಗ ಮಹಮ್ಮದಗೌಸ ಕೈಗಾಡಿ ತಂದು ಗುಲಾಬಿ, ಮಲ್ಲಿಗೆ, ಕಣಗಿಲೆಗಳ ಬುಡ ಅಗೆಯತೊಡಗಿದ.

"ಯಾಕೋ ಕೀಳಾಕತ್ತಿ?"

"ಹುಳಾ ಬಿದ್ದಾವ್ರಿ ಭಾಬಿ. ಔಷಧ ಹೊಡದು, ಹಬ್ಬ ಆದ ಮ್ಯಾಲ ತಂದು ಇಡ್ತೀನಿ."

ಶರೀಫಾಬಿಗೆ ತಲೆಬುಡ ತಿಳಿಯಲಿಲ್ಲ. ಗಂಡನ ಅಂಗಡಿಯಲ್ಲಿ ಬೀಜದ ಜೊತೆಗೆ ಹುಳದ ಔಷಧವೂ ಇದೆ, ಅಟ್ಟದ ತುಂಬ ಡಬ್ಬಿಗಳಿವೆ. ಅಂಥವನ ಮನೆಯ ಗಿಡಕ್ಕೆ ಔಷಧ ಹೊಡೆಯಲು ಅದನ್ನು ಕಿತ್ತು ಬೇರೆಡೆ ಒಯ್ಯಬೇಕೇ? ಒಳಗಿದ್ದ ಅಬ್ದುಲರಜಾಕ, "ಒಯ್ಲಿ ಬಿಡ, ನಿನಗ್ಯಾಕ ಪಂಚಾಯ್ತಿ?" ಎಂದು ಗದರಿದ. ಗಾಡಿ ಹೋಯಿತು.

ಹಬ್ಬದ ಮರುದಿನ ಬೆಳಿಗ್ಗೆ ಇಸಾಕಸಾಬ ಬಂದ. ಕೈಯಲ್ಲಿ ಹೆಂಡತಿ ಮಾಡಿ ಕೊಟ್ಟ ಹಲ್ವಾ, ಕಿಸೆಯಲ್ಲಿ ಒಂದು ಗುಲಾಬಿ. "ಹಿಡಿ ಆಪಾ, ಅಮ್ಮನ ಗಿಡದ್ದು" ಎಂದು ಅಕ್ಕನ ಕೈಯಲ್ಲಿಟ್ಟ. "ಅಲ್ಲಿ ನೀರು ಹಾಕೂ ಮಹಮ್ಮದಗೌಸ ಕೊಟ್ಟ ರೊಕ್ಕಕ್ಕ ಮೋಸ ಮಾಡಿಲ್ಲ. ಗಿಡ ಹೆಂಗ ಸೊಕ್ಕೇತಿ ಅಂತಿ! ಆದ್ರ ಒಂದs ತಿಳೀಲಿಲ್ಲ ನೋಡು. ಕಡ್ಡಿ ತುದೀಗೆಲ್ಲಾ ಮೆಹಂದಿ ಮೆತ್ತ್ಯಾನ. ಗೋರಿ ಮ್ಯಾಲಿನ ಗಿಡಕ್ಕ ಮೆಹಂದಿ ಹಚ್ಚೂ ಪದ್ಧತಿ ಎಲ್ಲೀದು?"

ಶರೀಫಾಬಿ ಹೂವನ್ನು ಮೂಸಿದಳು. ಆಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ರಾತ್ರಿಯ ಊಟ ಹೆಚ್ಚಾಯಿತೆಂದು ನೆಪ ಹೇಳಿ ತಮ್ಮನನ್ನು ಕಳಿಸಿದಳು.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ಅವಳು ಕೇಳಿದ್ದು ಇಷ್ಟೇ: "ಆ ಮಾಲಿ ಮತ್ತೇನು ಕೆಲಸಾ ಮಾಡ್ತಾನ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಬ್ದುಲರಜಾಕ ರೊಟ್ಟಿ ಮುರಿಯುತ್ತಲೇ, "ಸತ್ತವರೇನು ಎದ್ದು ಬಂದು ಕೇಳ್ತಾರೇನು?" ಎಂದ.

"ಅಂದ್ರ ನಿಮಗ ಗೊತ್ತಿತ್ತು!"

"ಊರಾನ ಗಂಡಸರು ಅಲ್ಲಿಗೆ ವರ್ಷಕ್ಕೊಮ್ಮಿ ಹೋಗ್ತಾರ. ಹೋದಾಗ ಹಸರು ಕಂಡ್ರ ಆತು. ಉಳಿದ ದಿನ ಆ ಗಿಡ ಅಲ್ಲಿ ಸುಮ್ನ ಒಣಗೂ ಬದ್ಲಿ ನಾಕು ಮನಿ ಅಂಗಳದಾಗ ಇದ್ರ ಯಾರ ಗಂಟು ಹೋತು? ಅದು ನಿಮ್ಮವ್ವನದು ಅಂತ ನನಗೇನು ಕನಸು ಬಿದ್ದಿತ್ತಾ? ಬ್ಯಾರೆ ಯಾರದೋ ಇರಬೇಕಂತ ತಿಳಿದಿದ್ದೆ."

ಬೇರೆ ಯಾರದೋ ಆಗಿದ್ದರೆ ಸರಿ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಮೂಡಲಿಲ್ಲ, ಇನ್ನೊಂದು ರೊಟ್ಟಿ ಹಾಕೆಂದು ತಟ್ಟೆ ಮುಂದೆ ಮಾಡಿದ. ಅವಳು ಹಾಕಿದಳು. ಅವನ ಬಾಯಿ ಆಡುವುದನ್ನು ನೋಡಲಾಗದೆ ಗೋಡೆಯ ಕಡೆಗೆ ತಿರುಗಿ ಕುಳಿತಳು.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಎಂಟು ತಿಂಗಳು ತಾಯಿ ಬರೀ ಮಣ್ಣಿನಡಿ ಮಲಗಿದ್ದಳು. ಆ ತಂಪು ತನ್ನ ಅಂಗಳದಲ್ಲಿತ್ತು. ಅದಕ್ಕೆ ತಾನು ಎಂಜಲು ತಟ್ಟೆಯ ನೀರು, ಕುರಿಯ ರಕ್ತದ ನೀರು ಸುರಿದಿದ್ದಳು. ಕೈಯನ್ನು ಸಾಬೂನು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ತಮ್ಮನಿಗೆ ಹೇಳಿದರೆ ಅವನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ, ತವರು ಎಂದು ಇರುವವನು ಅವನೊಬ್ಬನೇ. ಹೇಳದಿದ್ದರೆ ಗಿಡ ಮತ್ತೆ ಇಲ್ಲಿಗೇ ಬರುತ್ತದೆ, ತಾಯಿಯ ಗೋರಿ ಮುಂದಿನ ಹಬ್ಬದವರೆಗೂ ಬೋಳು.

ಮೂರನೆಯ ದಿನ ಬೆಳಿಗ್ಗೆ ಕೈಗಾಡಿ ಬಾಗಿಲಿಗೆ ಬಂತು. ಅಬ್ದುಲರಜಾಕ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಶರೀಫಾಬಿ ಗೇಟಿಗೆ ಅಡ್ಡ ನಿಂತಳು.

"ಒಳಗ ತರಬ್ಯಾಡ. ಯಾವ ಗಿಡ ಯಾರದು, ಮದ್ಲ ಹೇಳು."

ಗುಟ್ಟು ಬಯಲಾಯಿತೆಂದು ಮಹಮ್ಮದಗೌಸನಿಗೆ ತಿಳಿಯಿತು. ಅದಕ್ಕೆ ಅವನೇನೂ ಹೆದರಲಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ತೋರಿಸುವವನಂತೆ ಬೆರಳು ಮಾಡಿ ಹೇಳಿದ: "ಗುಲಾಬಿ ನಿಮ್ಮ ಅಮ್ಮಾರದ್ರಿ. ಕಣಗಿಲ ಪೇಟೆ ಮಾಸ್ತರ ಹೆಂಡತೀದು. ಈ ಮಲ್ಲಿಗಿ ನಿಮ್ಮ ಅತ್ತೀಯವರದು."

ಕಟ್ಟೆಯ ಮೇಲೆ ಚಹಾದ ಬಸಿ ಸದ್ದಾಯಿತು. ಅಬ್ದುಲರಜಾಕ ಎದ್ದು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಆ ಒಂದು ಗಳಿಗೆ ಶರೀಫಾಬಿಗೆ ಗಂಡನ ಮೇಲೆ ಕನಿಕರ ಬಂತು. ಹೆತ್ತವಳ ಗೋರಿಯನ್ನು ತಾನೇ ಬೋಳಿಸಿದೆನಲ್ಲ ಎಂದು ಈಗ ಅಳುತ್ತಾನೆ, ಇಲ್ಲವೇ ಮಾಲಿಯ ಕಪಾಳಕ್ಕೆ ಬಾರಿಸುತ್ತಾನೆ ಎಂದುಕೊಂಡಳು. ಅವನು ದಡದಡ ಇಳಿದು ಬಂದು ಮಹಮ್ಮದಗೌಸನ ಕೊರಳಪಟ್ಟಿ ಹಿಡಿದ.

"ಏ ಬದ್ಮಾಷ್, ನಮ್ಮವ್ವನ ಗಿಡಕ್ಕ ನನ್ನ ಹಂತ್ಯಾಕ ರೊಕ್ಕಾ ಇಸಗೊಂಡೆಲ್ಲೋ! ನಮ್ಮ ಮಾಲು ನಮಗs ಮಾರ್ತೀಯೇನು? ತಗಿ ಐದು ರೂಪಾಯಿ!"

ಥೂ! ಮನುಷ್ಯನೊಳಗೆ ಇಷ್ಟು ಕೊಳೆತದ್ದು ಇರಬಹುದೆಂದು ಅವಳು ಇಪ್ಪತ್ತು ವರ್ಷ ಎಣಿಸಿರಲಿಲ್ಲ. ಕೊಳೆತ ಟೊಮೆಟೊವನ್ನಾದರೂ ತಿಪ್ಪೆಗೆ ಎಸೆಯಬಹುದು, ಗಂಡನನ್ನು ಎಲ್ಲಿಗೆ ಎಸೆಯುವುದು? ಅವಳು ಒಳಗೆ ಹೋಗಿ ಬುರಖಾ ತೊಟ್ಟು ಬಂದಳು. "ಗಾಡಿ ಹೊಳ್ಳಸು" ಎಂದಳು. ಗಂಡ ಹಿಂದಿನಿಂದ ಕೂಗುತ್ತಲೇ ಇದ್ದ, ಅವಳು ತಿರುಗಿ ನೋಡಲಿಲ್ಲ.

ಗಾಡಿ ಮುಂದೆ, ಅವಳು ಹಿಂದೆ. ಹಲಗೇರಿ ರಸ್ತೆ ದಾಟಿ ಪೇಟೆಯ ನಡುವೆ, ಗಂಡನ ಅಂಗಡಿಯ ಮುಂದೆಯೇ ಹಾದು ಹೋದರು. ಅಂಗಡಿಯ ಆಳು ಬಾಯಿ ತೆರೆದು ನೋಡಿದ. ಖಬರಸ್ತಾನದ ಬಾಗಿಲಲ್ಲಿ ಹೆಂಗಸರು ನಿಲ್ಲುವ ಜಾಗದಲ್ಲಿ ಅವಳು ನಿಂತಳು. ಆದರೆ ಗೋಡೆ ಗಿಡ್ಡದಿತ್ತು. ಮಹಮ್ಮದಗೌಸ ಒಂದೊಂದೇ ಗಿಡ ನೆಡುವುದನ್ನು ಅದರ ಮೇಲಿಂದ ನೋಡಿದಳು. ಗುಲಾಬಿಯ ಗುಂಡಿಗೆ ಬಾಗಿದವನು ಬಾಯಲ್ಲಿ ತುಂಬಿಕೊಂಡಿದ್ದ ತಂಬಾಕನ್ನು ಉಗುಳಲು ಹೋದಾಗ, "ಉಗುಳಿದಿ ಅಂದ್ರ ನೋಡು!" ಎಂದು ಚೀರಿದಳು. ಅವನು ನುಂಗಿಕೊಂಡ.

ಇಂಥ ಸುದ್ದಿಗೆ ಕಾಲು ನೂರು. ಅರ್ಧ ಗಂಟೆಯೊಳಗೆ ಇಸಾಕಸಾಬ ಸೈಕಲ್ ತುಳಿಯುತ್ತ ಬಂದ. ಒಳಗೆ ನೋಡಿದ, ಅಕ್ಕನ ಮುಖ ನೋಡಿದ.

"ಅಮ್ಮನ ಗಿಡ ಯಾರ ಮನ್ಯಾಗ ಇತ್ತು ಆಪಾ?"

ಒಳಗಿನಿಂದ ಮಹಮ್ಮದಗೌಸ ತಲೆಯೆತ್ತಿದ. ಅವಳು ಯಾವುದಾದರೂ ಸುಳ್ಳು ಹೇಳಿ ಎಲ್ಲರ ಮಾನ ಉಳಿಸುತ್ತಾಳೆಂದು ಅವನಿಗೆ ಆಸೆಯಿತ್ತು.

"ನಮ್ಮ ಮನ್ಯಾಗ" ಎಂದಳು ಶರೀಫಾಬಿ. "ಅವರಿಗೆ ಗೊತ್ತಿತ್ತು. ನನಗ ಗೊತ್ತಿದ್ದಿಲ್ಲ. ಮುಸುರಿ ನೀರು ಹಾಕಿ ಬೆಳಸಿದಾಕಿ ನಾನs."

ಇಸಾಕಸಾಬ ಸೈಕಲ್ಲನ್ನು ಗೋಡೆಗೆ ಆನಿಸಿದ. ಕೂಗಾಡಲಿಲ್ಲ. "ನಿನ್ನ ಮ್ಯಾಲ ಸಿಟ್ಟಿಲ್ಲ ಆಪಾ" ಎಂದ. "ಆದ್ರ ಇನ್ನ ಮ್ಯಾಲ ಆ ಮನ್ಯಾಗ ನನಗ ನೀರು ಇಳಿಯಂಗಿಲ್ಲ."

"ಇಳೀಬಾರದು" ಎಂದಳು ಅವಳು. "ದಿನಾ ಬಂದು ಗಿಡ ನೋಡ್ಕೊಂಡು ಹೋಗು."

ಅವನು ಒಳಗೆ ಹೋಗಿ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು ಗುಲಾಬಿಯ ಬುಡಕ್ಕೆ ಹಾಕಿದ. ಶುದ್ಧ ನೀರು ಮಣ್ಣಿನಲ್ಲಿ ಇಂಗುವವರೆಗೂ ಶರೀಫಾಬಿ ಗೋಡೆ ಹಿಡಿದು ನೋಡಿದಳು. ಆಮೇಲೆ ಬುರಖಾ ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಗಂಡ ಊಟಕ್ಕೆ ಬರುವ ಹೊತ್ತಾಗಿತ್ತು.