ಟೋಕನ್ ಬಟನ್ನಿನ ದಾರಿ

ವೆಬ್ ಪುಟದ ಬಟನ್ನಿಗೆ ಎಕ್ಸ್‌ಪಾತ್, ಅಂದರೆ ಕಂಪ್ಯೂಟರಿಗೆ ಅದನ್ನು ತೋರಿಸುವ ದಾರಿ, ಬರೆಯುವುದೆಂದರೆ ಅದು ಮೇಲಿನಿಂದ ಎಷ್ಟನೆಯದೆಂದು ಎಣಿಸುವುದು ಎಂದು ನಮ್ಮ ಹುಮನಾಬಾದ್ ಆಫೀಸಿನಲ್ಲಿ ಬಹುತೇಕ ಎಲ್ಲರೂ ನಂಬಿದ್ದೆವು.

ಬಸವಕಲ್ಯಾಣದ ದವಾಖಾನೆಯೊಂದರ ಟೋಕನ್ ಪುಟ ಮರುದಿನ ಶುರುವಾಗಬೇಕಿತ್ತು. ಡಾಕ್ಟರ್ ಸಾಹೇಬರು ಪುಟದ ಮೇಲ್ತುದಿಗೆ ತಮ್ಮ ಫೋಟೊ ಸೇರಿಸಿದರು. ಎಣಿಕೆ ತಪ್ಪಿ, ನಮ್ಮ ಸ್ವಯಂಚಾಲಿತ ಪರೀಕ್ಷೆ 'ಟೋಕನ್ ಪಡೆಯಿರಿ' ಬಿಟ್ಟು 'ರದ್ದುಮಾಡಿ' ಒತ್ತತೊಡಗಿತು.

ನಾನು ಮತ್ತೆ ಎಣಿಸಲು ಕೂತೆ. ಚಿಟಗುಪ್ಪದಿಂದ ಬರುವ ಸಹೋದ್ಯೋಗಿ ಶಬಾನಾ ನಕ್ಕಳು.

"ಏನ್ ಎಣಸಾಕತ್ತೀರಿ ಸರ್? ಸ್ಟ್ಯಾಂಡಿನ್ಯಾಗ ಕಲ್ಯಾಣ ಬಸ್ಸೂ ಎಣಿಸೇ ಹತ್ತತೀರೇನ್ರಿ? ಬೋರ್ಡ್ ನೋಡ್ರಿ."

'ಟೋಕನ್ ಪಡೆಯಿರಿ' ಎಂದು ಬರೆದಿರುವ ಬಟನ್ನನ್ನೇ ಹುಡುಕುವಂತೆ ಅವಳು ಒಂದೇ ಸಾಲು ಬರೆದಳು. ನಾನು ಸುಲಭಕ್ಕೆ ಮೆಚ್ಚುವವನಲ್ಲ. ಆದರೂ ನನ್ನ ಕುರ್ಚಿ ಬಿಟ್ಟುಕೊಟ್ಟೆ.

ಬೆಳಿಗ್ಗೆ ನೋಡಿದರೆ ಪುಟದ ತುಂಬ 'ಶುಭ ಕೋರುವವರ' ಫೋಟೊಗಳೂ ಸಾಲುಗಟ್ಟಿದ್ದವು. ಪರೀಕ್ಷೆ ಸರಿಯಾದ ಬಟನ್ನನ್ನೇ ಒತ್ತಿತು.